ಗ್ರಾಫೀನ್ ಮೇಲೆ ಕೂತ ಅಣುವಿಗೆ ಕೆಳಗಿನ ಲೋಹದ ಗೊಡವೆ ಯಾಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಲೋಹದ ಮೇಲೆ ಬೆಳೆಸಿದ ಗ್ರಾಫೀನ್‌ಗೆ (ಇಂಗಾಲದ ಒಂದೇ ಪರಮಾಣು ದಪ್ಪದ ಹಾಳೆ) ಸಾವಯವ ಅಣುಗಳು ಹೇಗೆ ಅಂಟುತ್ತವೆ ಎಂಬುದರ ಬಗ್ಗೆ ಬೆಂಗಳೂರಿನ ಕಾಲೇಜು, ಪ್ರಯೋಗಾಲಯಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಕೆಳಗೆ ‘ಅಂಟುವುದು’ ಎಂದಾಗಲೆಲ್ಲ ಅಡ್ಸಾರ್ಪ್ಷನ್ ಎಂದು ತಿಳಿಯಿರಿ. ಅಣು ಮೇಲ್ಮೈಯಲ್ಲೇ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ.

ಪ್ರಶ್ನೆ: ಗ್ರಾಫೀನ್ ರಾಸಾಯನಿಕವಾಗಿ ಜಡ ಎಂದು ತರಗತಿಯಲ್ಲಿ ಹೇಳುತ್ತೇವೆ. ಹಾಗಾದರೆ ಅದರ ಅಡಿಯಲ್ಲಿ ನಿಕ್ಕಲ್ ಇದ್ದರೇನು, ಇರಿಡಿಯಂ ಇದ್ದರೇನು? ಮೇಲಿರುವ ಅಣುವಿಗೆ ಅದು ಗೊತ್ತಾಗುತ್ತದೆಯೇ?
— ಭೌತಶಾಸ್ತ್ರ ಉಪನ್ಯಾಸಕಿ, ರಾಜಾಜಿನಗರ

ಖಂಡಿತ ಗೊತ್ತಾಗುತ್ತದೆ. ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ ಕೆಳಗಿನ ಲೋಹವನ್ನು ಪೂರ್ತಿ ಮರೆಮಾಡಲಾರದು. ಆದರೆ ಲೋಹದ ಪ್ರಭಾವ ಎಲ್ಲ ಕಡೆ ಒಂದೇ ಬಗೆಯಲ್ಲಿರುವುದಿಲ್ಲ.

ಮೊದಲು ಅಳತೆಗಳನ್ನು ನೋಡಿ. ಗ್ರಾಫೀನ್ ಜಾಲದ ಒಂದು ಮನೆಯ ಅಗಲ 2.46 ಆಂಗ್‌ಸ್ಟ್ರಾಮ್ (ನ್ಯಾನೊಮೀಟರ್‌ನ ಹತ್ತರಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಮ್). ನಿಕ್ಕಲ್(111) ಮೇಲ್ಮೈಯದು 2.49; ಆವರಣದ ಅಂಕಿ ಹರಳಿನ ಯಾವ ಮುಖ ಎಂಬುದನ್ನು ಹೇಳುತ್ತದೆ. ಎರಡೂ ಹತ್ತಿರ ಹತ್ತಿರ ಒಂದೇ ಆದ್ದರಿಂದ ಹಾಳೆ ಲೋಹದ ಮೇಲೆ ಪರಮಾಣುವಿಗೆ ಪರಮಾಣು ಹೊಂದಿಕೊಂಡು ಸುಮಾರು 2.1 ಆಂಗ್‌ಸ್ಟ್ರಾಮ್ ಎತ್ತರಕ್ಕೆ ಇಳಿದು ಕೂರುತ್ತದೆ. ಅಷ್ಟು ಹತ್ತಿರಕ್ಕೆ ಬಂದಾಗ ಇಂಗಾಲದ ಪೈ ಎಲೆಕ್ಟ್ರಾನ್‌ಗಳು ನಿಕ್ಕಲ್‌ನ ಡಿ ಎಲೆಕ್ಟ್ರಾನ್‌ಗಳೊಂದಿಗೆ ಬೆರೆತುಹೋಗುತ್ತವೆ. ಗ್ರಾಫೀನ್‌ನ ಹೆಗ್ಗುರುತಾದ ಡಿರಾಕ್ ಕೋನ್ (ಅದರ ಎಲೆಕ್ಟ್ರಾನ್ ಶಕ್ತಿಯ ನಕ್ಷೆಯಲ್ಲಿ ಕಾಣುವ ಶಂಕುವಿನಾಕಾರ) ಅಲ್ಲಿ ಮೊದಲಿನಂತೆ ಉಳಿಯುವುದಿಲ್ಲ. ಇರಿಡಿಯಂ(111) ಜಾಲ 2.715 ಆಂಗ್‌ಸ್ಟ್ರಾಮ್. ಇಲ್ಲಿ ಹೊಂದಿಕೆ ತಪ್ಪುತ್ತದೆ. ಸುಮಾರು ಹತ್ತು ಗ್ರಾಫೀನ್ ಮನೆಗಳು ಒಂಬತ್ತು ಇರಿಡಿಯಂ ಮನೆಗಳ ಮೇಲೆ ಕೂತು, 25 ಆಂಗ್‌ಸ್ಟ್ರಾಮ್‌ಗೊಮ್ಮೆ ಮರುಕಳಿಸುವ ಮ್ವಾರೇ ವಿನ್ಯಾಸ ಮೂಡುತ್ತದೆ. ಹಾಳೆಯ ಸರಾಸರಿ ಎತ್ತರ 3.38 ಆಂಗ್‌ಸ್ಟ್ರಾಮ್, ಅಂದರೆ ಗ್ರಾಫೈಟ್ ಪದರಗಳ ನಡುವಿನ ಅಂತರದಷ್ಟೇ. ಬಂಧ ತೆಳು, ಡಿರಾಕ್ ಕೋನ್ ಉಳಿಯುತ್ತದೆ. ಪ್ಲಾಟಿನಂ, ತಾಮ್ರ ಕೂಡ ಇದೇ ಗುಂಪಿನವು.

ರುಥೇನಿಯಂ(0001) ಮೇಲಿನದು ಇವೆರಡರ ನಡುವಿನ ಸ್ಥಿತಿ, ನಮ್ಮ ಮಟ್ಟಿಗೆ ಅತ್ಯಂತ ಸ್ವಾರಸ್ಯದ್ದು ಕೂಡ. ಜಾಲದ ಅಳತೆ ಇರಿಡಿಯಂನದಕ್ಕೆ ಹತ್ತಿರವೇ, 2.706. ಆದರೆ ಈ ಲೋಹ ಇಂಗಾಲವನ್ನು ಬಲವಾಗಿ ಎಳೆಯುತ್ತದೆ. ಪರಮಾಣುಗಳು ಸರಿಯಾಗಿ ಹೊಂದಿದ ಕಡೆ ಹಾಳೆ ಸುಮಾರು 2.2 ಆಂಗ್‌ಸ್ಟ್ರಾಮ್‌ಗೆ ತಗ್ಗುತ್ತದೆ, ಹೊಂದದ ಕಡೆ ಒಂದು ಆಂಗ್‌ಸ್ಟ್ರಾಮ್‌ಗೂ ಹೆಚ್ಚು ಮೇಲೇಳುತ್ತದೆ. ಹೀಗೆ 30 ಆಂಗ್‌ಸ್ಟ್ರಾಮ್‌ಗೊಂದರಂತೆ ದಿಬ್ಬ, ನಡುವೆ ತಗ್ಗು. ದಿಬ್ಬ ಮತ್ತು ತಗ್ಗುಗಳ ಮೇಲಿನ ವಿದ್ಯುತ್ ವಿಭವ ಬೇರೆಬೇರೆ. ಅವೆರಡರ ಗಡಿಯಲ್ಲಿ ಮೇಲ್ಮೈಗೆ ಸಮಾನಾಂತರವಾದ ವಿದ್ಯುತ್ ಕ್ಷೇತ್ರ ಹುಟ್ಟಿ, ಅಲ್ಲಿಗೆ ಬಂದ ಅಣುವನ್ನು ಧ್ರುವೀಕರಿಸಿ ಹಿಡಿದುಕೊಳ್ಳುತ್ತದೆ. ಆದ್ದರಿಂದಲೇ ಕಬ್ಬಿಣದ ಥ್ಯಾಲೊಸಯನಿನ್ (ನಡುವೆ ಕಬ್ಬಿಣದ ಪರಮಾಣುವಿರುವ ಚಪ್ಪಟೆ ಸಾವಯವ ಅಣು) ರುಥೇನಿಯಂ ಮೇಲಿನ ಗ್ರಾಫೀನ್‌ನಲ್ಲಿ ದಿಬ್ಬಗಳನ್ನು ಬಿಟ್ಟು ತಗ್ಗುಗಳನ್ನೇ ಆರಿಸಿಕೊಳ್ಳುತ್ತದೆ. ಅಣುಗಳ ಸಂಖ್ಯೆ ಹೆಚ್ಚಿದಂತೆ ದಿಬ್ಬಗಳ ಸುತ್ತ ಸಾಲುಗಟ್ಟಿ ತ್ರಿಕೋನ, ಷಟ್ಕೋನಗಳು ಹೆಣೆದ ಕಗೋಮೆ ಜಾಲವಾಗುತ್ತದೆ ಎಂಬುದು 2009ರಲ್ಲಿ ಪ್ರಕಟವಾಯಿತು. ಅದೇ ಬಗೆಯ ಅಣುಗಳು ಇರಿಡಿಯಂ ಮೇಲಿನ ಗ್ರಾಫೀನ್‌ನಲ್ಲಿ ಬಿಡಿ ಜಾಗಗಳಿಗೆ ಅಷ್ಟಾಗಿ ಅಂಟಿಕೊಳ್ಳದೆ ಒತ್ತೊತ್ತಾದ ಚೌಕ ಜಾಲ ಕಟ್ಟುತ್ತವೆ. ಮೇಲಿನ ಇಂಗಾಲ ಎರಡರಲ್ಲೂ ಒಂದೇ. ವ್ಯತ್ಯಾಸ ತಂದದ್ದು ಕೆಳಗಿನ ಲೋಹ.

ಲೋಹದ ಪ್ರಭಾವ ಬರುವ ಇನ್ನೊಂದು ದಾರಿ ವರ್ಕ್ ಫಂಕ್ಷನ್, ಅಂದರೆ ಮೇಲ್ಮೈಯಿಂದ ಎಲೆಕ್ಟ್ರಾನ್ ಹೊರತೆಗೆಯಲು ಬೇಕಾದ ಶಕ್ತಿ. ಬರಿಯ ಇರಿಡಿಯಂ(111)ನದು ಸುಮಾರು 5.8 ಎಲೆಕ್ಟ್ರಾನ್ ವೋಲ್ಟ್. ಗ್ರಾಫೀನ್ ಹೊದಿಸಿದರೆ ಸುಮಾರು 4.6ರಿಂದ 4.7. ರುಥೇನಿಯಂ ಮೇಲಿನ ಗ್ರಾಫೀನ್‌ನದು 4ರ ಆಸುಪಾಸು. ಎಫ್4-ಟಿಸಿಎನ್‌ಕ್ಯೂ ತರಹ ಎಲೆಕ್ಟ್ರಾನ್‌ಗಾಗಿ ಹಾತೊರೆಯುವ ಅಣುವಿಗೆ ಅರ್ಧ ಎಲೆಕ್ಟ್ರಾನ್ ವೋಲ್ಟ್‌ಗೂ ಹೆಚ್ಚಿನ ಈ ಅಂತರ ಸಣ್ಣ ವ್ಯತ್ಯಾಸವಲ್ಲ. ತರಗತಿಯಲ್ಲಿ ‘ಜಡ’ ಎನ್ನುವುದನ್ನು ಬಿಡಬೇಕಿಲ್ಲ, ‘ಹೊಸ ರಾಸಾಯನಿಕ ಬಂಧ ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ’ ಎಂದು ಬಿಡಿಸಿ ಹೇಳಿದರೆ ಸಾಕು.

ಪ್ರಶ್ನೆ: ಇರಿಡಿಯಂ ಮೇಲಿನ ಗ್ರಾಫೀನ್‌ಗೆ ಕೋಣೆಯ ತಾಪದಲ್ಲಿ ಕಬ್ಬಿಣದ ಥ್ಯಾಲೊಸಯನಿನ್ ಹಾಕಿದೆವು. ಕ್ವಾರ್ಟ್ಜ್ ಬ್ಯಾಲೆನ್ಸ್ (ಬಿದ್ದ ಪದರವನ್ನು ತೂಗುವ ಹರಳು) ಪ್ರಕಾರ ಕಾಲು ಪದರ ಬಿದ್ದಿದೆ. ಎಸ್‌ಟಿಎಂನಲ್ಲಿ (ಸೂಜಿಯಿಂದ ಮೇಲ್ಮೈ ಓದುವ ಸೂಕ್ಷ್ಮದರ್ಶಕ) ಅಡ್ಡಡ್ಡ ಗೀಚು ಬಿಟ್ಟರೆ ಏನೂ ಕಾಣುತ್ತಿಲ್ಲ. ಅಣುಗಳು ಎಲ್ಲಿ ಹೋದವು?
— ಸಂಶೋಧನಾ ವಿದ್ಯಾರ್ಥಿ, ಜ್ಞಾನಭಾರತಿ

ಎಲ್ಲೂ ಹೋಗಿಲ್ಲ, ಓಡಾಡುತ್ತಿವೆ. ಗ್ರಾಫೀನ್‌ನಿಂದ ಅಣುವನ್ನು ಪೂರ್ತಿ ಬಿಡಿಸಲು ಹೆಚ್ಚು ಶಕ್ತಿ ಬೇಕು, ಪಕ್ಕಕ್ಕೆ ಜಾರಿಸಲು ತೀರಾ ಕಡಿಮೆ ಸಾಕು. ಎಸ್‌ಟಿಎಂ ಸೂಜಿ ಒಂದು ಸಾಲು ಓದಿ ಮುಂದಿನ ಸಾಲಿಗೆ ಬರುವಷ್ಟರಲ್ಲಿ ಅಣು ಜಾಗ ಬದಲಿಸಿರುತ್ತದೆ. ನೀವು ಹೇಳುವ ಗೀಚುಗಳು ಹಾದುಹೋದ ಅಣುಗಳ ಗುರುತೇ ಇರಬೇಕು.

ಮೂರು ದಾರಿಗಳಿವೆ. ಮೊದಲನೆಯದು ಸ್ಯಾಂಪಲ್ ತಣಿಸುವುದು. ದ್ರವ ನೈಟ್ರೋಜನ್‌ನ 77 ಕೆಲ್ವಿನ್‌ನಲ್ಲಿ ದ್ವೀಪಗಳು ನಿಲ್ಲುತ್ತವೆ, ಬಿಡಿ ಅಣು ನೋಡಬೇಕೆಂದರೆ ದ್ರವ ಹೀಲಿಯಂ ಬೇಕಾಗುತ್ತದೆ. ಎರಡನೆಯದು ಪದರ ತುಂಬುವುದು. ಜಾಗವೆಲ್ಲ ಭರ್ತಿಯಾದರೆ ಕೋಣೆಯ ತಾಪದಲ್ಲೂ ಅಣುಗಳಿಗೆ ಓಡಲು ಎಡೆ ಇರುವುದಿಲ್ಲ, ಸುಮಾರು ಒಂದೂವರೆ ನ್ಯಾನೊಮೀಟರ್ ಅಂತರದ ಚೌಕ ಜಾಲ ಕಾಣಬೇಕು. ಮೂರನೆಯದು ಸೂಜಿಯ ಒತ್ತಡ ತಗ್ಗಿಸುವುದು. ಲೋಹದ ಮೇಲೆ ರೂಢಿಯಿರುವ 0.5ರಿಂದ 1 ನ್ಯಾನೊಆಂಪಿಯರ್ ಇಲ್ಲಿ ವಿಪರೀತವಾಗುತ್ತದೆ, ಸೂಜಿಯೇ ಅಣುಗಳನ್ನು ಗುಡಿಸಿಬಿಡುತ್ತದೆ. 10ರಿಂದ 50 ಪಿಕೊಆಂಪಿಯರ್, 1ರಿಂದ 2 ವೋಲ್ಟ್ ಇಟ್ಟು ನೋಡಿ.

ಆವಿಯಾಗಿಸುವ ಒಲೆಯ ಬಗ್ಗೆಯೂ ಒಂದು ಮಾತು. ಈ ಪುಡಿಯಲ್ಲಿ ನೀರು, ದ್ರಾವಕದ ಅಂಶ ಉಳಿದಿರುತ್ತದೆ. ಹೊಸ ಪುಡಿ ತುಂಬಿದ ಮೇಲೆ ನಿಮ್ಮ ಆವಿಯ ತಾಪಕ್ಕಿಂತ (ಥ್ಯಾಲೊಸಯನಿನ್‌ಗೆ ಸಾಮಾನ್ಯವಾಗಿ 350 ಡಿಗ್ರಿ ಸೆಲ್ಸಿಯಸ್ ಸುತ್ತ) 30 ಡಿಗ್ರಿ ಕೆಳಗೆ ಇಡೀ ರಾತ್ರಿ ಕಾಯಿಸಿ, ಒತ್ತಡ ಇಳಿದ ಮೇಲಷ್ಟೇ ಶಟರ್ ತೆಗೆಯಿರಿ. ಕ್ವಾರ್ಟ್ಜ್ ಬ್ಯಾಲೆನ್ಸ್ ಸ್ಯಾಂಪಲ್ ಇರುವ ಜಾಗದಲ್ಲೇ ಇಲ್ಲದಿದ್ದರೆ ಅದು ತೋರಿಸುವ ‘ಕಾಲು ಪದರ’ವನ್ನು ನಂಬಬೇಡಿ. ಪೂರ್ತಿ ಪದರ ಮುಗಿಯುವ ಹೊತ್ತನ್ನು ಎಸ್‌ಟಿಎಂ ಅಥವಾ ಲೀಡ್‌ನಲ್ಲಿ (ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಕಿರಣದಿಂದ ಮೇಲ್ಮೈಯ ಜಾಲ ತೋರಿಸುವ ಉಪಕರಣ) ಒಮ್ಮೆ ಗುರುತಿಸಿ, ಅದನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿ. ಲೀಡ್‌ನ ಎಲೆಕ್ಟ್ರಾನ್‌ಗಳು ಸಾವಯವ ಪದರವನ್ನು ಸುಡುತ್ತವೆ. ಕಿರಣ ಮಂದವಾಗಿರಲಿ, ನೋಡಿದ ಜಾಗವನ್ನೇ ಮತ್ತೆ ಎಸ್‌ಟಿಎಂಗೆ ಬಳಸಬೇಡಿ.

ಪ್ರಶ್ನೆ: ಇರಿಡಿಯಂ ಮೇಲಿನ ಗ್ರಾಫೀನ್‌ಗೆ ಬೆಂಜೀನ್ ಒಂದು ಪದರ ಹಾಕಿ ಸೆಕೆಂಡಿಗೆ 1 ಕೆಲ್ವಿನ್‌ನಂತೆ ಕಾಯಿಸಿದಾಗ ಅಣುಗಳು ಬಿಟ್ಟು ಹಾರುವ ಪ್ರಮಾಣಕ್ಕೆ 150 ಕೆಲ್ವಿನ್‌ನಲ್ಲಿ ಶಿಖರ ಬಂತು. ಶಿಖರದ ತಾಪದಿಂದ ಅಂಟುವ ಶಕ್ತಿ ಲೆಕ್ಕಹಾಕುವ ರೆಡ್‌ಹೆಡ್ ಸೂತ್ರದಲ್ಲಿ 0.40 ಎಲೆಕ್ಟ್ರಾನ್ ವೋಲ್ಟ್ ಸಿಗುತ್ತದೆ. ಗ್ರಾಫೈಟ್ ಮೇಲಿನ ಬೆಂಜೀನ್‌ಗೆ 0.5 ಎಂದು ಓದಿದ್ದೇನೆ. ಗ್ರಾಫೀನ್ ಸರಿಯಾಗಿ ಬೆಳೆದಿಲ್ಲವೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮಲ್ಲೇಶ್ವರ

ನಿಮ್ಮ ಪ್ರಯೋಗ ಸರಿಯಾಗಿಯೇ ಇದೆ. ಎಡವಟ್ಟಾಗಿರುವುದು ಸೂತ್ರಕ್ಕೆ ಹಾಕಿದ ಒಂದು ಸಂಖ್ಯೆಯಲ್ಲಿ. ರೆಡ್‌ಹೆಡ್ ಸೂತ್ರ ಹೀಗಿದೆ: ಶಕ್ತಿ = ಬೋಲ್ಟ್ಸ್‌ಮನ್ ಸ್ಥಿರಾಂಕ × ಶಿಖರದ ತಾಪ × [ಲಾಗ್(ಆವೃತ್ತಿ × ತಾಪ ÷ ಕಾಯಿಸುವ ವೇಗ) − 3.64]. ಲಾಗ್ ಇಲ್ಲಿ ಸ್ವಾಭಾವಿಕ ಲಾಗ್. ಆವೃತ್ತಿಗೆ (ಅಣು ಸೆಕೆಂಡಿಗೆ ಎಷ್ಟು ಸಲ ಬಿಡಿಸಿಕೊಳ್ಳಲು ಯತ್ನಿಸುತ್ತದೆ ಎಂಬುದಕ್ಕೆ) ನೀವು ಎಲ್ಲರಂತೆ 10¹³ ಹಾಕಿದ್ದೀರಿ. 150 ಕೆಲ್ವಿನ್‌ನಲ್ಲಿ ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪ 0.01293 ಎಲೆಕ್ಟ್ರಾನ್ ವೋಲ್ಟ್. ಲಾಗ್ 34.94, ಅದರಿಂದ 3.64 ಕಳೆದರೆ 31.30. ಗುಣಿಸಿದರೆ 0.405. ಈಗ 10¹⁶ ಹಾಕಿ ನೋಡಿ: ಲಾಗ್ 41.85, ಕಳೆದ ಮೇಲೆ 38.21, ಉತ್ತರ 0.494. ಅಳತೆಯನ್ನು ಮುಟ್ಟದೆಯೇ ಶಕ್ತಿ 0.09 ಏರಿತು.

10¹³ ಎಂಬುದು ಪರಮಾಣು ಅಥವಾ ಪುಟ್ಟ ಅಣುವಿಗೆ ಹೊಂದುವ ಅಂದಾಜು. ಬೆಂಜೀನ್‌ನಂಥ ಚಪ್ಪಟೆ ಅಣು ಮೇಲ್ಮೈಯಲ್ಲಿರುವಾಗ ಅದರ ತಿರುಗಾಟಕ್ಕೆ ಕಡಿವಾಣವಿರುತ್ತದೆ, ಬಿಟ್ಟು ಹಾರುವ ಹೊತ್ತಿಗೆ ಎಲ್ಲ ದಿಕ್ಕಿನಲ್ಲೂ ಸ್ವಾತಂತ್ರ್ಯ ಸಿಗುತ್ತದೆ. ಎಂಟ್ರೊಪಿಯ ಈ ಏರಿಕೆಯೇ ಆವೃತ್ತಿಯನ್ನು 10¹⁵, 10¹⁶ರ ಕಡೆಗೆ ಒಯ್ಯುತ್ತದೆ. ಅಣು ದೊಡ್ಡದಾದಷ್ಟೂ ಅದು ಇನ್ನೂ ಮೇಲೆ. ಒಂದೇ ಶಿಖರದಿಂದ ಶಕ್ತಿ, ಆವೃತ್ತಿ ಎರಡನ್ನೂ ಹಿಂಡಲಾಗದು. ಕಾಯಿಸುವ ವೇಗವನ್ನು ಹತ್ತರಿಂದ ನೂರು ಪಟ್ಟು ಬದಲಿಸಿ ಶಿಖರಗಳ ಸ್ಥಾನ ಹೋಲಿಸಿ, ಅಥವಾ ಶಿಖರದ ಏರು ಅಂಚನ್ನು ಮಾತ್ರ ತೆಗೆದುಕೊಂಡು ಅಣುಗಳು ಬಿಟ್ಟು ಹಾರುವ ವೇಗದ ಲಾಗ್ ಮತ್ತು ತಾಪದ ವಿಲೋಮದ ಗೆರೆ ಎಳೆಯಿರಿ. ಎರಡನೆಯ ವಿಧಾನ ಈ ವಿಷಯಕ್ಕೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಗ್ರಾಫೀನ್ ಮೇಲೆ ಅಣುಗಳು ದ್ವೀಪಗಟ್ಟಿ ಅಂಚಿನಿಂದ ಕಳಚಿಕೊಳ್ಳುವಾಗ ರೆಡ್‌ಹೆಡ್ ಊಹಿಸುವ ಮೊದಲ ದರ್ಜೆಯ ನಡವಳಿಕೆಯೇ ಇರುವುದಿಲ್ಲ.

ಗ್ರಾಫೀನ್ ಪೂರ್ತಿ ಮುಚ್ಚಿದೆಯೋ ಇಲ್ಲವೋ ಎಂಬ ನಿಮ್ಮ ಅನುಮಾನಕ್ಕೆ ಸುಲಭ ಪರೀಕ್ಷೆ ಇದೆ. ಕೋಣೆಯ ತಾಪದಲ್ಲಿ ಕಾರ್ಬನ್ ಮೊನಾಕ್ಸೈಡ್ ಐದಾರು ಲ್ಯಾಂಗ್‌ಮ್ಯೂರ್ (ಒತ್ತಡ × ಹೊತ್ತು ಅಳೆಯುವ ಮಾನ) ಬಿಟ್ಟು ಕಾಯಿಸಿ. ಅದು ಗ್ರಾಫೀನ್‌ಗೆ ಅಂಟುವುದೇ ಇಲ್ಲ, ಬರಿಯ ಇರಿಡಿಯಂಗೆ ಅಂಟುತ್ತದೆ. 400ರಿಂದ 600 ಕೆಲ್ವಿನ್ ನಡುವೆ 28ನೇ ದ್ರವ್ಯರಾಶಿಯಲ್ಲಿ ಉಬ್ಬು ಬಂದರೆ ಅಷ್ಟು ಲೋಹ ತೆರೆದಿದೆ ಎಂದರ್ಥ. ಬೆಂಜೀನ್ ಪ್ರಯೋಗದಲ್ಲೇ ಎತ್ತರದ ತಾಪದಲ್ಲಿ ಹೈಡ್ರೋಜನ್ ಹೊರಬಂದರೂ ಅದೇ ಸೂಚನೆ, ತೆರೆದ ಲೋಹ ಅಣುವನ್ನು ಮುರಿದಿದೆ.

ತೆರಪು ಉಳಿದಿದ್ದರೆ ಬೆಳೆಸುವ ಕ್ರಮ ಹೀಗಿರಲಿ. ಇರಿಡಿಯಂ ಅನ್ನು ಆರ್ಗಾನ್ ಅಯಾನ್‌ಗಳಿಂದ 1ರಿಂದ 1.5 ಕಿಲೊವೋಲ್ಟ್‌ನಲ್ಲಿ ಉಜ್ಜಿ, 10⁻⁷ ಮಿಲಿಬಾರ್ ಆಮ್ಲಜನಕದಲ್ಲಿ 1,100 ಕೆಲ್ವಿನ್‌ಗೆ ಕಾಯಿಸಿ ಹಳೆ ಇಂಗಾಲ ಸುಟ್ಟು, ಒಮ್ಮೆ 1,500 ಕೆಲ್ವಿನ್‌ಗೆ ಏರಿಸಿ. ತಣ್ಣಗಾದ ಮೇಲೆ ಎಥಿಲೀನ್ ತುಂಬಿಸಿ ಸುಮಾರು 1,470 ಕೆಲ್ವಿನ್‌ಗೆ ಏರಿಸಿದರೆ ಒಂದೇ ದಿಕ್ಕಿಗೆ ತಿರುಗಿದ ಪುಟ್ಟ ಗ್ರಾಫೀನ್ ದ್ವೀಪಗಳು ಸಿಗುತ್ತವೆ. ಆಮೇಲೆ 1,200 ಕೆಲ್ವಿನ್ ಸುಮಾರಿನಲ್ಲಿ 10⁻⁷ ಮಿಲಿಬಾರ್ ಎಥಿಲೀನ್ ಹತ್ತು ನಿಮಿಷ ಬಿಡಿ. ಅದು ಸುಮಾರು 45 ಲ್ಯಾಂಗ್‌ಮ್ಯೂರ್ ಆಗುತ್ತದೆ. ದ್ವೀಪಗಳು ಬೆಳೆದು ಕೂಡಿಕೊಳ್ಳುತ್ತವೆ, ಕೊನೆಯ ತೆರಪುಗಳು ಮುಚ್ಚಲು ಹೆಚ್ಚು ಹೊತ್ತು ಹಿಡಿಯುತ್ತದೆ. ದ್ವೀಪಗಳ ಹಂತ ಬಿಟ್ಟು ಕಡಿಮೆ ತಾಪದಲ್ಲಿ ನೇರ ಎಥಿಲೀನ್ ಬಿಟ್ಟರೆ ತುಂಡುಗಳು ಬೇರೆಬೇರೆ ಕೋನಕ್ಕೆ ತಿರುಗಿ ಬೆಳೆಯುತ್ತವೆ, ಲೀಡ್‌ನಲ್ಲಿ ಚುಕ್ಕೆಯ ಬದಲು ಕಮಾನು ಕಾಣುತ್ತದೆ. ಲೋಹ ಪೂರ್ತಿ ಮುಚ್ಚಿದ ಮೇಲೆ ಎಥಿಲೀನ್ ಒಡೆಯಲು ಜಾಗವಿರುವುದಿಲ್ಲ, ಆದ್ದರಿಂದ ಎರಡನೇ ಪದರದ ಭಯ ಬೇಡ. ಈ ಅನುಕೂಲ ರುಥೇನಿಯಂಗೆ ಅಷ್ಟಾಗಿ ಇಲ್ಲ. ಅದು ಬಿಸಿಯಲ್ಲಿ ಇಂಗಾಲವನ್ನು ಒಳಗೆ ಕರಗಿಸಿಕೊಂಡು ತಣಿಯುವಾಗ ಮೇಲಕ್ಕೆ ಬಿಡುತ್ತದೆ.

ಪ್ರಶ್ನೆ: ಪಿಬಿಇ ಎಂಬ ಅಂದಾಜು ಬಳಸಿ ಡಿಎಫ್‌ಟಿ ಲೆಕ್ಕ (ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿ ಕಂಡುಹಿಡಿಯುವ ಕಂಪ್ಯೂಟರ್ ಲೆಕ್ಕ) ಮಾಡಿದರೆ ಅಣು ಗ್ರಾಫೀನ್‌ನಿಂದ ದೂರ ತೇಲಿಹೋಗುತ್ತದೆ. ಲೋಹದ ಪದರ ಸೇರಿಸಿದರೆ ಕಂಪ್ಯೂಟರ್ ಸಾಕಾಗುವುದಿಲ್ಲ. ಗ್ರಾಫೀನ್ ಮಾತ್ರ ಇಟ್ಟು ಲೆಕ್ಕ ಹಾಕಬಹುದೇ?
— ಸಂಶೋಧಕಿ, ಯಶವಂತಪುರ

ತೇಲಿಹೋಗುವುದು ಸಹಜ. ಇಲ್ಲಿ ಹಿಡಿದಿಡುವ ಬಲ ವ್ಯಾನ್ ಡರ್ ವಾಲ್ಸ್ (ಬಂಧವಿಲ್ಲದೆಯೂ ಇರುವ ಮೆಲುವಾದ ಸೆಳೆತ), ಅದು ಪಿಬಿಇಯಲ್ಲಿ ಇಲ್ಲವೇ ಇಲ್ಲ. ಎಲ್‌ಡಿಎ ಎಂಬ ಇನ್ನೊಂದು ಅಂದಾಜು ಬಳಸಿದರೆ ಅಂಟಿದಂತೆ ಕಾಣುತ್ತದೆ, ಆದರೆ ತಪ್ಪು ಕಾರಣಕ್ಕೆ. ಆ ಬಲವನ್ನು ಸೇರಿಸುವ ಡಿ3 ತಿದ್ದುಪಡಿ ಅಥವಾ ವ್ಯಾನ್ ಡರ್ ವಾಲ್ಸ್ ಸೇರಿದ ಫಂಕ್ಷನಲ್ ಬಳಸಿ. ಹಳೆಯ ಡಿ2 ಲೋಹಗಳ ಸೆಳೆತವನ್ನು ಅತಿಯಾಗಿ ತೋರಿಸುತ್ತದೆ, ಇಲ್ಲಿ ಬೇಡ. ದೊಡ್ಡ ಲೆಕ್ಕಕ್ಕೆ ಇಳಿಯುವ ಮೊದಲು ಬೆಂಜೀನ್ ಮತ್ತು ಬರಿಯ ಗ್ರಾಫೀನ್ ಇಟ್ಟು ನೋಡಿ. 0.5 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಶಕ್ತಿ, 3.3ರಿಂದ 3.4 ಆಂಗ್‌ಸ್ಟ್ರಾಮ್ ಎತ್ತರ ಬರದಿದ್ದರೆ ವಿಧಾನವನ್ನೇ ಸರಿಪಡಿಸಿ.

ಲೋಹ ಬಿಡಬಹುದೇ ಎಂಬುದು ನಿಮಗೆ ಏನು ಬೇಕು ಎಂಬುದರ ಮೇಲೆ ನಿಂತಿದೆ. ಇರಿಡಿಯಂ ಮೇಲಿನ ಚಪ್ಪಟೆ ಅಣುವಿನ ಎತ್ತರ, ಸ್ಥೂಲ ಶಕ್ತಿ ಸಾಕೆಂದರೆ ಬಿಡಬಹುದು. ಮ್ವಾರೇಯಲ್ಲಿ ಎಲ್ಲಿ ಕೂರುತ್ತದೆ, ಚಾರ್ಜ್ ಎತ್ತ ಹೋಗುತ್ತದೆ ಎಂದು ಕೇಳುವುದಾದರೆ ಬಿಡುವಂತಿಲ್ಲ. ರುಥೇನಿಯಂ, ನಿಕ್ಕಲ್‌ಗೆ ಯಾವ ಕಾರಣಕ್ಕೂ ಬಿಡಬೇಡಿ. ಹಾಳೆಯನ್ನು ಬರೀ ಉಬ್ಬುತಗ್ಗಾಗಿಸಿ ಲೋಹ ತೆಗೆದುಹಾಕುವ ಅಡ್ಡದಾರಿ ಕೆಲವರಿಗೆ ರೂಢಿ. ಅದರಲ್ಲಿ ಆಕಾರ ಉಳಿಯುತ್ತದೆ, ಗಡಿಯ ವಿದ್ಯುತ್ ಕ್ಷೇತ್ರ ಮಾಯವಾಗುತ್ತದೆ. ನೀವು ಹುಡುಕುತ್ತಿರುವ ಉತ್ತರ ಅದರಲ್ಲೇ ಇದ್ದದ್ದು.

ಇರಿಡಿಯಂ ಲೆಕ್ಕದ ಗಾತ್ರ ಹೇಳುತ್ತೇವೆ: 10×10 ಗ್ರಾಫೀನ್ ಎಂದರೆ 200 ಇಂಗಾಲ, 9×9ರ ಮೂರು ಪದರ ಇರಿಡಿಯಂ 243, ಕಬ್ಬಿಣದ ಥ್ಯಾಲೊಸಯನಿನ್ 57, ಒಟ್ಟು ಸರಿಯಾಗಿ 500 ಪರಮಾಣು. ಇಷ್ಟು ದೊಡ್ಡ ಕೋಶಕ್ಕೆ ರಚನೆ ಕಂಡುಕೊಳ್ಳುವಾಗ ಗಾಮಾ ಬಿಂದು ಒಂದೇ ಸಾಕು. ಕೆಳಗಿನ ಲೋಹದ ಪದರ ಅಲುಗದಂತೆ ಹಿಡಿದಿಡಿ, ಅಣುವಿನ ಮೇಲೆ 15 ಆಂಗ್‌ಸ್ಟ್ರಾಮ್ ಖಾಲಿ ಜಾಗ ಬಿಡಿ, ಡೈಪೋಲ್ ತಿದ್ದುಪಡಿ ಹಾಕಿ. ಅದಿಲ್ಲದಿದ್ದರೆ ವರ್ಕ್ ಫಂಕ್ಷನ್ ತಪ್ಪುತ್ತದೆ. ಕಬ್ಬಿಣದ ಡಿ ಎಲೆಕ್ಟ್ರಾನ್‌ಗಳಿಗೆ ಹಬ್ಬರ್ಡ್ ಯು (ಅವುಗಳ ಪರಸ್ಪರ ವಿಕರ್ಷಣೆಗೆ ಮಾಡುವ ತಿದ್ದುಪಡಿ) ಬೇಕು.

ಪ್ರಶ್ನೆ: ತಾಮ್ರದ ಹಾಳೆಯ ಮೇಲೆ ಬೆಳೆಸಿದ ಗ್ರಾಫೀನ್ ಕೊಂಡು ತಂದು ನೇರ ಬಳಸಬಹುದೇ?
— ಅಧ್ಯಾಪಕ, ಕೆಂಗೇರಿ

ನೇರ ಬೇಡ. ಗಾಳಿಗೆ ತೆರೆದಿಟ್ಟ ಗ್ರಾಫೀನ್ ಮೇಲೆ ನಿಮಿಷಗಳಲ್ಲೇ ಗಾಳಿಯಲ್ಲಿರುವ ಹೈಡ್ರೋಕಾರ್ಬನ್‌ಗಳು ಕೂರುತ್ತವೆ, ಅಂದರೆ ನೀವು ಅಳೆಯಬೇಕಾದ ಜಾಗ ಆಗಲೇ ಭರ್ತಿ. ನಮ್ಮೂರಿನ ಮಳೆಗಾಲದ ತೇವದಲ್ಲಿ ಅಂಚು, ಬಿರುಕುಗಳ ಮೂಲಕ ತಾಮ್ರವೂ ಆಕ್ಸೈಡ್ ಆಗುತ್ತದೆ. ಅತಿನಿರ್ವಾತದಲ್ಲಿ 300ರಿಂದ 400 ಡಿಗ್ರಿ ಸೆಲ್ಸಿಯಸ್‌ಗೆ ಕೆಲವು ತಾಸು ಕಾಯಿಸಿದರೆ ಹೈಡ್ರೋಕಾರ್ಬನ್ ಹೋಗುತ್ತದೆ. ಪಿಎಂಎಂಎ ಎಂಬ ಪಾಲಿಮರ್ ಬಳಸಿ ಬೇರೆಡೆಗೆ ವರ್ಗಾಯಿಸಿದ ಹಾಳೆಯಾದರೆ ಪಾಲಿಮರ್‌ನ ಉಳಿಕೆ ಪೂರ್ತಿ ಹೋಗುವುದಿಲ್ಲ. ಅಡ್ಸಾರ್ಪ್ಷನ್ ಶಕ್ತಿ ಅಳೆಯಲು ಅದು ಯೋಗ್ಯವಲ್ಲ.

ಪ್ರಶ್ನೆ: ಪೀಣ್ಯದಲ್ಲಿ ಸ್ಯಾಂಪಲ್ ಹೋಲ್ಡರ್ ಮಾಡಿಸಿ ಹಾಕಿದ ಮೇಲೆ ಎಷ್ಟು ಬೇಕ್ ಮಾಡಿದರೂ ಒತ್ತಡ 10⁻⁸ ಮಿಲಿಬಾರ್‌ನಿಂದ ಇಳಿಯುತ್ತಿಲ್ಲ. ಸೋರಿಕೆ ಸಿಗಲಿಲ್ಲ. ಹೊಸ ಕೆಪಾಸಿಟೆನ್ಸ್ ಗೇಜ್ ಕೂಡ ಚೇಂಬರ್ ತೆರೆದಿದ್ದಾಗ 1,013ರ ಬದಲು 910 ತೋರಿಸುತ್ತದೆ.
— ತಾಂತ್ರಿಕ ಸಹಾಯಕ, ಜಕ್ಕೂರು

ಗೇಜ್ ಸರಿಯಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯೊತ್ತಡವೇ ಸುಮಾರು 910 ಮಿಲಿಬಾರ್.

ಹೋಲ್ಡರ್ ವಿಚಾರಕ್ಕೆ ಆರ್‌ಜಿಎ (ಚೇಂಬರ್‌ನಲ್ಲಿ ಉಳಿದ ಅನಿಲಗಳನ್ನು ದ್ರವ್ಯರಾಶಿಯ ಪ್ರಕಾರ ತೋರಿಸುವ ಉಪಕರಣ) ನೋಡಿ. 64, 66, 68ರಲ್ಲಿ ಸರಿಸುಮಾರು 5:3:2ರ ಅನುಪಾತದ ಗೆರೆಗಳಿದ್ದರೆ ಅದು ಸತು, ಎಲ್ಲೋ ಹಿತ್ತಾಳೆಯ ಸ್ಕ್ರೂ ಅಥವಾ ವಾಷರ್ ಸೇರಿದೆ. 150 ಡಿಗ್ರಿ ಬೇಕಿಂಗ್‌ನಲ್ಲೇ ಸತು ಆವಿಯಾಗತೊಡಗುತ್ತದೆ, ಸ್ಯಾಂಪಲ್ ಮೇಲೂ ಕೂರುತ್ತದೆ. 41, 43, 55, 57 ಒಟ್ಟಿಗೆ ಎದ್ದಿದ್ದರೆ ಲೇತ್‌ನ ಕಟಿಂಗ್ ಆಯಿಲ್. ವರ್ಕ್‌ಶಾಪ್‌ಗೆ ಆರ್ಡರ್ ಕೊಡುವಾಗಲೇ ಸ್ಟೀಲ್ 304 ಅಥವಾ 316 ಎಂದು ಬರೆದುಕೊಡಿ. 303 ಲೇತ್‌ಗೆ ಸಲೀಸು, ಆದರೆ ಅದರಲ್ಲಿ ಗಂಧಕ ಬೆರೆಸಿರುತ್ತಾರೆ. ತಳ ಮುಚ್ಚಿದ ತೂತಿಗೆ ಹಾಕುವ ಸ್ಕ್ರೂಗೆ ನಡುವೆ ರಂಧ್ರ ಕೊರೆಸಿ, ಇಲ್ಲವಾದರೆ ತಳದಲ್ಲಿ ಸಿಕ್ಕ ಗಾಳಿ ವಾರಗಟ್ಟಲೆ ಸೋರುತ್ತದೆ, ಸೋರಿಕೆ ಪರೀಕ್ಷೆಯಲ್ಲಿ ಸಿಗುವುದೂ ಇಲ್ಲ. ಬಂದ ಭಾಗಗಳನ್ನು ಸೋಪಿನ ನೀರು, ಡಿಐ (ಅಯಾನ್ ತೆಗೆದ) ನೀರು, ಅಸಿಟೋನ್, ಐಸೊಪ್ರೊಪನಾಲ್ ಈ ಕ್ರಮದಲ್ಲಿ ಅಲ್ಟ್ರಾಸಾನಿಕ್‌ನಲ್ಲಿ ತೊಳೆದು, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

10⁻⁸ರಲ್ಲಿ ಪ್ರಯೋಗ ಶುರು ಮಾಡೋಣ ಎಂಬ ಆಸೆ ಬಂದರೆ ಈ ಲೆಕ್ಕ ನೆನಪಿಡಿ: 10⁻⁶ ಮಿಲಿಬಾರ್‌ನಲ್ಲಿ ಮೇಲ್ಮೈಗೆ ಪದರವೊಂದಕ್ಕೆ ಸಾಕಾಗುವಷ್ಟು ಅಣುಗಳು ಸೆಕೆಂಡ್‌ನಲ್ಲಿ ಬಡಿಯುತ್ತವೆ, 10⁻⁸ರಲ್ಲಿ ಒಂದೆರಡು ನಿಮಿಷದಲ್ಲಿ, 10⁻¹⁰ರಲ್ಲಿ ಸುಮಾರು ಮೂರು ತಾಸಿನಲ್ಲಿ. ತಣಿಸಿದ ಸ್ಯಾಂಪಲ್‌ಗೆ ಇದರಲ್ಲಿ ಬಹುಪಾಲು ಅಂಟಿಯೇ ಬಿಡುತ್ತದೆ.

ಪ್ರಶ್ನೆ: ಒಂದೇ ಲೋಹ, ಒಂದೇ ಅಣು ಇಟ್ಟುಕೊಂಡು ಅಂಟುವ ಬಲವನ್ನು ಬೇಕಾದಂತೆ ಹೆಚ್ಚು ಕಡಿಮೆ ಮಾಡಬಹುದೇ?
— ಸಂಶೋಧನಾ ವಿದ್ಯಾರ್ಥಿನಿ, ಸದಾಶಿವನಗರ

ಮಾಡಬಹುದು. ಗ್ರಾಫೀನ್ ಮತ್ತು ಲೋಹದ ನಡುವೆ ಬೇರೆ ಪರಮಾಣುಗಳನ್ನು ತೂರಿಸಿ. ಇರಿಡಿಯಂ ಮೇಲಿನ ಗ್ರಾಫೀನ್ ಅಡಿಗೆ ಯುರೋಪಿಯಂ ತೂರಿಸಿದರೆ ಹಾಳೆಗೆ ಎಲೆಕ್ಟ್ರಾನ್ ಸೇರುತ್ತದೆ, ಆಮ್ಲಜನಕ ತೂರಿಸಿದರೆ ಎಲೆಕ್ಟ್ರಾನ್ ಕಳೆಯುತ್ತದೆ. ನ್ಯಾಫ್ತಲೀನ್ ಮೊದಲನೆಯದರ ಮೇಲೆ ಹೆಚ್ಚು ಬಲವಾಗಿ, ಎಲೆಕ್ಟ್ರಾನ್ ಕಳೆದ ಹಾಳೆಯ ಮೇಲೆ ಕಡಿಮೆ ಬಲವಾಗಿ ಅಂಟುತ್ತದೆ ಎಂದು 2015ರಲ್ಲಿ ಅಳೆದು ತೋರಿಸಲಾಯಿತು. ರಾಸಾಯನಿಕ ಬಂಧ ಇಲ್ಲಿ ಎಲ್ಲೂ ಇಲ್ಲ. ಎಲೆಕ್ಟ್ರಾನ್ ಹೆಚ್ಚಿದ ಹಾಳೆಯ ಎಲೆಕ್ಟ್ರಾನ್ ಮೋಡ ಇನ್ನಷ್ಟು ಹೊರಚಾಚಿ ಸುಲಭವಾಗಿ ಧ್ರುವೀಕರಣಗೊಳ್ಳುತ್ತದೆ, ಅದರಿಂದ ವ್ಯಾನ್ ಡರ್ ವಾಲ್ಸ್ ಸೆಳೆತವೇ ಬಿಗಿಯಾಗುತ್ತದೆ. ಈ ಕ್ಷೇತ್ರದಲ್ಲಿ ನಮಗೆ ತೀರಾ ಮೆಚ್ಚಿಗೆಯಾದ ಫಲಿತಾಂಶಗಳಲ್ಲಿ ಇದೂ ಒಂದು.

ಯುರೋಪಿಯಂ ಅನ್ನು ಸುಮಾರು 700 ಕೆಲ್ವಿನ್‌ನಲ್ಲಿರುವ ಸ್ಯಾಂಪಲ್‌ಗೆ ಹಾಕಿ, ಹೆಚ್ಚಾದದ್ದು ತಾನೇ ಆವಿಯಾಗಿ ಹೋಗುತ್ತದೆ. ಆಮ್ಲಜನಕಕ್ಕೆ 500 ಕೆಲ್ವಿನ್ ಆಸುಪಾಸು ಇರಲಿ. ಅದು ಹಾಳೆಯ ಅಂಚಿನಿಂದಲೇ ನುಗ್ಗುವುದರಿಂದ ಪೂರ್ತಿ ಮುಚ್ಚಿದ ಗ್ರಾಫೀನ್‌ಗಿಂತ ದ್ವೀಪಗಳ ಅಡಿಗೆ ಸುಲಭವಾಗಿ ಹೋಗುತ್ತದೆ. ಆದರೆ ದ್ವೀಪಗಳಿದ್ದಲ್ಲಿ ತೆರೆದ ಲೋಹವೂ ಇರುತ್ತದೆ, ಕಾಯಿಸುವಾಗ ಅಲ್ಲಿಂದ ಬರುವ ನ್ಯಾಫ್ತಲೀನ್ ನಿಮ್ಮ ಶಿಖರಕ್ಕೆ ಬೆರೆಯುತ್ತದೆ. ತಾಪ ತೀರಾ ಏರಿಸಿದರೆ ಆಮ್ಲಜನಕ ಗ್ರಾಫೀನ್ ಅನ್ನೇ ಅಂಚಿನಿಂದ ತಿಂದು ಕಾರ್ಬನ್ ಮೊನಾಕ್ಸೈಡ್ ಆಗಿ ಒಯ್ಯುತ್ತದೆ. ಶಿಖರಗಳ ನಡುವಿನ ಅಂತರ ದೊಡ್ಡದಲ್ಲ. ಆದ್ದರಿಂದ ಬರಿಯ, ಯುರೋಪಿಯಂ ತೂರಿಸಿದ, ಆಮ್ಲಜನಕ ತೂರಿಸಿದ ಮೂರು ಅಳತೆಗಳನ್ನೂ ಒಂದೇ ಹರಳಿನ ಮೇಲೆ, ಬೆಸೆದ ಥರ್ಮೊಕಪಲ್ ಕದಲಿಸದೆ, ಒಂದೇ ಕಾಯಿಸುವ ವೇಗದಲ್ಲಿ ಮಾಡಿ. ಪ್ರತಿ ಸಲವೂ ಹಳೆಯ ಹಾಳೆಯನ್ನು ಆಮ್ಲಜನಕದಲ್ಲಿ ಸುಟ್ಟು ಗ್ರಾಫೀನ್ ಹೊಸದಾಗಿ ಬೆಳೆಸಿಕೊಳ್ಳಿ.